ದಪ್ಪ ಪುಸ್ತಕದಿಂದ ಆರಂಭ ಬೇಡ

ಮಾನ್ಯ ಸಂಪಾದಕರೇ,

ರಷ್ಯನ್ ಸಾಹಿತ್ಯ ಓದಬೇಕೆಂದು ಯಾರಾದರೂ ಹೇಳಿದರೆ ಸಾಕು, ನಾವು ಟಾಲ್‌ಸ್ಟಾಯ್‌ನ ದಪ್ಪ ಕಾದಂಬರಿ ‘ಯುದ್ಧ ಮತ್ತು ಶಾಂತಿ’ಯನ್ನು ಅವರ ತಲೆಯ ಮೇಲೆ ಹೊರಿಸುತ್ತೇವೆ. ಐವತ್ತು ಪುಟ ದಾಟುವಷ್ಟರಲ್ಲಿ ಪಾತ್ರಗಳ ಹೆಸರಿನ ಕಾಡಿನಲ್ಲಿ ದಾರಿ ತಪ್ಪಿ, ಪುಸ್ತಕ ಅಟ್ಟ ಸೇರುತ್ತದೆ.

ಚೆಕಾಫ್‌ನಿಂದ ಶುರುಮಾಡಲಿ. ಅವನು 1883ರಲ್ಲಿ ಬರೆದ ‘ಗುಮಾಸ್ತನ ಸಾವು’ ಮೂರ್ನಾಲ್ಕು ಪುಟದ ಕತೆ. ನಾಟಕ ನೋಡುತ್ತಿದ್ದ ಗುಮಾಸ್ತನೊಬ್ಬ ಸೀನುತ್ತಾನೆ. ಮುಂದೆ ಕುಳಿತ ದೊಡ್ಡ ಅಧಿಕಾರಿಯ ಬೋಳುತಲೆಗೆ ಹನಿ ಸಿಡಿಯುತ್ತದೆ. ಆತ ಕ್ಷಮಿಸಿದರೂ ಇವನು ಬಿಡದೆ ಮತ್ತೆ ಮತ್ತೆ ಕ್ಷಮೆ ಕೇಳಿ, ಕೊನೆಗೆ ಬೈಸಿಕೊಂಡು, ಮನೆಗೆ ಬಂದು ಸಮವಸ್ತ್ರದಲ್ಲೇ ಸಾಯುತ್ತಾನೆ. ಸಾಹೇಬರ ಕೋಣೆಯ ಹೊರಗೆ ಕೈಕಟ್ಟಿ ನಿಂತವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ. ಆಮೇಲೆ ಟಾಲ್‌ಸ್ಟಾಯ್‌ನ ‘ಇವಾನ್ ಇಲ್ಯಿಚ್‌ನ ಸಾವು’. ಇಲ್ಯಿಚ್ ಎಂದರೆ ಇಲ್ಯಾನ ಮಗ. ಅಪ್ಪನ ಹೆಸರನ್ನು ಇನಿಶಿಯಲ್‌ನಲ್ಲಿ ಹೊತ್ತು ತಿರುಗುವ ನಮಗೆ ಅದೇನು ಹೊಸತೇ?

ಸಂಗೀತಕ್ಕೆ ಮುಸೋರ್ಗ್‌ಸ್ಕಿ. ತೀರಿಕೊಂಡ ಗೆಳೆಯ ಹಾರ್ಟ್‌ಮನ್‌ನ ಚಿತ್ರಪ್ರದರ್ಶನ ನೋಡಿ 1874ರಲ್ಲಿ ಪಿಯಾನೊಗಾಗಿ ರಚಿಸಿದ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ಕೃತಿಯಲ್ಲಿ, ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆದುಹೋಗುವ ಹೆಜ್ಜೆಯೂ ಕೇಳಿಸುತ್ತದೆ.

ಇನ್ನು ಚಿತ್ರಕಲೆ. ರೆಪಿನ್ ಬಿಡಿಸಿದ, ವೋಲ್ಗಾ ನದಿಯಲ್ಲಿ ದೋಣಿ ಎಳೆಯುವವರ ಚಿತ್ರವನ್ನು ಸದ್ಯಕ್ಕೆ ಮೊಬೈಲ್‌ನಲ್ಲೇ ನೋಡಬೇಕು. ಆದರೆ ನಿಕೊಲಾಯ್ ರೋರಿಚ್‌ನ ಚಿತ್ರಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೇ ಇವೆ. ಸಂಗೀತಗಾರ ಸ್ಟ್ರಾವಿನ್‌ಸ್ಕಿಯ 1913ರ ‘ದಿ ರೈಟ್ ಆಫ್ ಸ್ಪ್ರಿಂಗ್’ ಎಂಬ ಬ್ಯಾಲೆ ನೃತ್ಯನಾಟಕಕ್ಕೆ ರಂಗಸಜ್ಜು, ವೇಷಭೂಷಣ ರೂಪಿಸಿದವನು ಇವನೇ. ಭಾನುವಾರ ಮಾಲ್‌ಗೆ ಹೋಗುವವರು ಒಮ್ಮೆ ಆ ಕಡೆಗೂ ತಿರುಗಲಿ.

— ಒಬ್ಬ ಓದುಗ, ಶಿವಮೊಗ್ಗ