ಬಸಣ್ಣನಿಗೆ ಚಮತ್ಕಾರ ಬೇಡ

ಧಾರವಾಡ

ಚಿರಂಜೀವಿ ತಂಗಿಗೆ ಆಶೀರ್ವಾದಗಳು.

ನಿನ್ನ ಚಿತ್ರಕಥೆಯ ನೋಟಬುಕ್ಕು ಮತ್ತು ಅದರೊಳಗೆ ಮಡಚಿಟ್ಟ ಪತ್ರ ಎರಡೂ ಮುಟ್ಟಿದವು. "ಇನ್ನು ಬರೆಯುವುದಿಲ್ಲ, ಓದಿದ ಮೇಲೆ ಒಲೆಗೆ ಹಾಕಿಬಿಡಿ" ಎಂದಿದ್ದೀಯ. ಅವ್ವ ತೀರಿಕೊಂಡ ಮೇಲೆ ಆಟಿಸಂ ಇರುವ 34 ವರ್ಷದ ಅಣ್ಣನನ್ನು ಗದಗಿನ ಮನೆಯಲ್ಲಿ ಒಬ್ಬಳೇ ನೋಡಿಕೊಳ್ಳುತ್ತ, ಅವನಿಗೆ ನಿದ್ದೆ ಹತ್ತಿದ ಮೇಲೆ ಕುಳಿತು ಬರೆದ ಪುಟಗಳನ್ನು ಸುಡುವ ಕೆಲಸವನ್ನು ನೀನು ನನಗೆ ಹೇಳಬಾರದಾಗಿತ್ತು.

ದೃಶ್ಯಗಳಿಗೆ ಸಂಖ್ಯೆ ಹೇಗೆ ಕೊಡಬೇಕು, ಯಾವ ನಿರ್ಮಾಪಕರನ್ನು ಕಾಣಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಆ ಉದ್ಯೋಗದಲ್ಲಿರುವ ಯಾರಾದರೂ ಒಂದು ತಾಸಿನಲ್ಲಿ ಹೇಳಿಕೊಡುತ್ತಾರೆ. ನಾನು ಹೇಳಬೇಕಾದದ್ದು ಬೇರೆ ಇದೆ, ಅದನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಮೊದಲು ನೀಲಿ ಶಾಯಿಯಲ್ಲಿ ಬರೆದದ್ದನ್ನು ಆಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದ್ದೀಯಲ್ಲ, ಆ ಕೆಂಪು ಶಾಯಿಯ ಮಾತು ಒಂದೂ ನಿನ್ನದಲ್ಲ.

ನೀಲಿ ಶಾಯಿಯ ಬಸಣ್ಣನಂಥವನನ್ನು ನಾನು ತೆರೆಯ ಮೇಲೆ ಕಂಡಿಲ್ಲ. ಕಟಿಂಗ್ ಅಂಗಡಿಯ ಮಷೀನಿನ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಚೀರುವುದರಿಂದ ತಂಗಿ ಗಿರಿಜೆಯೇ ರವಿವಾರಕ್ಕೊಮ್ಮೆ ಅಣ್ಣನಿಗೆ ದಾಡಿ ಮಾಡುತ್ತಾಳೆ. ಒಂದು ಕೆನ್ನೆ ಮುಗಿದ ಕೂಡಲೇ ಅವನು ಎದ್ದು ಹಿತ್ತಲಿಗೆ ಹೋಗಿ, ಕೈ ಝಾಡಿಸುತ್ತ ಸುತ್ತು ಹಾಕಿ ತಾನಾಗಿ ಮರಳಿ ಬರುವವರೆಗೆ ಅವಳು ರೇಜರ್ ಹಿಡಿದುಕೊಂಡು ಕಾಯುತ್ತಾಳೆ, ಕರೆಯುವುದಿಲ್ಲ, ಏಕೆಂದರೆ ಕರೆದರೆ ಆ ದಿನ ಇನ್ನೊಂದು ಕೆನ್ನೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತು. ಹಸಿವಾದಾಗ ಅವನು "ನನಗೆ ಹಸಿವಾಗಿದೆ" ಎನ್ನುವುದಿಲ್ಲ, ತೀರಿಹೋದ ಅವ್ವ ಕೇಳುತ್ತಿದ್ದ ಧಾಟಿಯಲ್ಲಿಯೇ "ಬಸೂ, ಉಂಡ್ಯೇನಪಾ?" ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಕೇಳಿದ ಮಾತನ್ನು ಕೇಳಿದ ಹಾಗೆಯೇ ಮರಳಿ ಆಡಿ, ಅದರಿಂದಲೇ ತನ್ನ ಬೇಡಿಕೆಯನ್ನು ತಿಳಿಸುವುದು ಆಟಿಸಂ ಇರುವ ಅನೇಕರ ರೀತಿ. ಪುಸ್ತಕಗಳು ಅದನ್ನು ವಿವರಿಸುತ್ತವೆ, ಆದರೆ ಸತ್ತ ಅವ್ವನ ದನಿಯಲ್ಲಿ ಮಗ ರೊಟ್ಟಿ ಕೇಳುವುದನ್ನು ನೀನು ಕಂಡು ಬರೆದಿದ್ದೀಯ. ನೀಲಿ ಶಾಯಿಯಲ್ಲಿ ಗಿರಿಜೆ ಆ ಮಾತಿಗೆ ಎದ್ದು ಹಂಚು ಇಡುತ್ತಾಳೆ, ಅಷ್ಟೇ. ಕೆಂಪು ಶಾಯಿಯಲ್ಲಿ ಅವಳು ಅವ್ವನ ಫೋಟೋದ ಮುಂದೆ ನಿಂತು ಅಳುತ್ತಾಳೆ. ಆ ಅಳುವನ್ನು ತೆಗೆದುಹಾಕು, ತಂಗಿ.

"ಇದು ಸಿನಿಮಾ ಆಗುವುದಿಲ್ಲ, ಹುಡುಗನಿಗೆ ಏನಾದರೊಂದು ಶಕ್ತಿ ಇರಬೇಕು" ಎಂದು ಯಾರೋ ತಿಳಿದವರು ಹೇಳಿದರಂತೆ. ನೀನು ಒಪ್ಪಿಕೊಂಡೆ. ಕೆಂಪು ಶಾಯಿಯ ಬಸಣ್ಣ ಯಾವ ತಾರೀಖು ಹೇಳಿದರೂ ವಾರ ಹೇಳುತ್ತಾನೆ, ಕೊನೆಗೆ ಹೊಲದ ಉತಾರದ, ಅಂದರೆ ಪಹಣಿಯ, ಅಂಕಿಗಳನ್ನೆಲ್ಲ ಬಾಯಿಪಾಠ ಒಪ್ಪಿಸಿ ಕಾಕಾನ ಮೋಸವನ್ನು ಬಯಲು ಮಾಡುತ್ತಾನೆ. ಇದರ ಬೇರು ಎಲ್ಲಿದೆ ಎಂದು ನನಗೆ ಗೊತ್ತು. ಆಟಿಸಂ ಇರುವ ಅಣ್ಣ ಮತ್ತು ಅವನ ತಮ್ಮನ ಕಥೆಯಾದ, 1988ರಲ್ಲಿ ಬಂದ 'ರೇನ್ ಮ್ಯಾನ್' ಎಂಬ ಹಾಲಿವುಡ್ ಚಿತ್ರಕ್ಕೆ ನಾಲ್ಕು ಆಸ್ಕರ್ ಪ್ರಶಸ್ತಿಗಳು ಬಂದವು, ಅಂದಿನಿಂದ ಆಟಿಸಂ ಎಂದರೆ ಲೆಕ್ಕದ ಚಮತ್ಕಾರ ಎಂಬ ನಂಬಿಕೆ ಜಗತ್ತಿನಲ್ಲೆಲ್ಲ ಹಬ್ಬಿತು. ಆ ಅಣ್ಣನ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರ ನೆನಪಿನ ಶಕ್ತಿ ನಿಜಕ್ಕೂ ಅಸಾಧಾರಣವಾಗಿತ್ತು, ಆದರೆ ಅವರಿಗಿದ್ದದ್ದು ಆಟಿಸಂ ಅಲ್ಲವೆಂದು ತಜ್ಞರು ಮುಂದೆ ಅಭಿಪ್ರಾಯಪಟ್ಟರು. ಅಂಥ ಶಕ್ತಿ ಆಟಿಸಂ ಇರುವವರಲ್ಲಿ ಕೆಲವರಿಗಷ್ಟೇ ಇರುತ್ತದೆ. ಅದೇ ಚಿತ್ರದ ಕೊನೆಯಲ್ಲಿ ತಮ್ಮನು ಅಣ್ಣನನ್ನು ತನ್ನ ಬಳಿ ಇರಿಸಿಕೊಳ್ಳಲಾಗದೆ, ಅವನು ಮೊದಲಿದ್ದ ಸಂಸ್ಥೆಗೇ ರೈಲು ಹತ್ತಿಸಿ ಕಳಿಸುತ್ತಾನೆ. ಅಷ್ಟು ಕಠಿಣವಾದ, ನಿಜವಾದ ಆ ಕೊನೆಯನ್ನು ಬಿಟ್ಟು ಜನ ಚಮತ್ಕಾರವನ್ನೇ ಎತ್ತಿಕೊಂಡರು.

ಬಸಣ್ಣನಿಗೆ ಚಮತ್ಕಾರ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸು. ತಾನು ಉಣ್ಣುವ ರೊಟ್ಟಿಗೆ ಅವನು ಬೆಲೆ ತೆತ್ತ ಹಾಗಾಗುತ್ತದೆ. ಪ್ರೇಕ್ಷಕರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಹಾಗಾದರೆ ಉತಾರ ಓದಲಾರದ, ವಾರ ಹೇಳಲಾರದ, ಯಾರ ಆಸ್ತಿಯನ್ನೂ ಉಳಿಸಲಾರದ ನಿನ್ನ ಸ್ವಂತ ಅಣ್ಣನಿಗೆ ರೊಟ್ಟಿಯ ಹಕ್ಕು ಎಲ್ಲಿಂದ ಬರಬೇಕು?

ಈ ವಿಷಯದಲ್ಲಿ ನನ್ನೊಳಗೆ ಆರದ ಒಂದು ಉರಿ ಇದೆ. ಬಹಳ ವರ್ಷಗಳ ಹಿಂದೆ, ಮಾತು ಬಾರದ ಮಗನನ್ನು ಸಾಕುವ ತಾಯಿಯ ಬಗ್ಗೆ ನಾನೊಂದು ಬಾನುಲಿ ನಾಟಕ ಬರೆದಿದ್ದೆ. ಅದನ್ನು ಮಾಡಿಸಿದವರು ನನ್ನನ್ನು ಒಂದು ಮಾತೂ ಕೇಳದೆ, ಕೊನೆಯ ನಿಮಿಷದಲ್ಲಿ ಆ ಹುಡುಗನ ಬಾಯಲ್ಲಿ "ಅವ್ವಾ" ಎನ್ನಿಸಿದರು. ಹೊಗಳಿಕೆಯ ಪತ್ರಗಳು ರಾಶಿ ಬಿದ್ದವು, ಎಲ್ಲವೂ ಆ ಒಂದು ಸುಳ್ಳಿಗೆ. ಹಾವೇರಿ ಕಡೆಯ ಒಬ್ಬ ತಾಯಿ ಮಾತ್ರ ಪೋಸ್ಟ್ ಕಾರ್ಡಿನಲ್ಲಿ ಹೀಗೆ ಕೇಳಿದ್ದರು: "ನಮ್ಮ ಹುಡುಗನಿಗೆ ಹನ್ನೊಂದು ತುಂಬಿತು, ಇವನೂ ಹಾಗೆ ಎಂದಾದರೂ ಕರೆಯುತ್ತಾನೆಯೇ?" ಆ ಕಾರ್ಡಿಗೆ ಉತ್ತರ ಬರೆಯುವ ಪಾಳಿ ನನ್ನದಾಯಿತು, ನಾಟಕ ಮಾಡಿಸಿದವರದಲ್ಲ. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಇನ್ನು ಕೆಂಪು ಶಾಯಿಯಲ್ಲಿ ನೀನು ಸೇರಿಸಿದ ಕೋರ್ಟಿನ ದೃಶ್ಯ. ಗಿರಿಜೆ ಅಲ್ಲಿ ಕೈ ಮುಗಿದು "ಅಣ್ಣ ನನಗೆ ಭಾರವಲ್ಲ, ವರ" ಎಂದು ಭಾಷಣ ಮಾಡುತ್ತಾಳೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ (ನ್ಯಾಶನಲ್ ಟ್ರಸ್ಟ್ ಆಕ್ಟ್), 18 ತುಂಬಿದ ಬಸಣ್ಣನಂಥವರಿಗೆ ಕಾನೂನಿನ ಪ್ರಕಾರ ಪೋಷಕರನ್ನು (ಗಾರ್ಡಿಯನ್) ನೇಮಿಸುವುದು ಕೋರ್ಟಲ್ಲ, ಜಿಲ್ಲಾಧಿಕಾರಿಯವರು ಇರುವ ಸ್ಥಳೀಯ ಸಮಿತಿ. ತಂಗಿಯೂ ಅಲ್ಲಿ ಅರ್ಜಿ ಹಾಕಬಹುದು. ನೀನು ಇದನ್ನು ಅರಿತವಳು, ನೀಲಿ ಶಾಯಿಯಲ್ಲಿ ಸರಿಯಾಗಿಯೇ ಬರೆದಿದ್ದೆ. ಗಿರಿಜೆ ಜಿಲ್ಲಾಡಳಿತ ಭವನದ ಬೆಂಚಿನ ಮೇಲೆ ಅರ್ಜಿ ಹಿಡಿದು ಕುಳಿತಿದ್ದಾಳೆ, ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಮುದುಕಿ ತನ್ನ ಮಗನ ಅರ್ಜಿ ಹಿಡಿದಿದ್ದಾಳೆ. ಬಸಣ್ಣ ಫ್ಯಾನಿನ ಕೆಳಗೆ ನಿಂತು ಅದನ್ನೇ ನೋಡುತ್ತಿದ್ದಾನೆ. ಆಗ ಗಿರಿಜೆ ಆ ಮುದುಕಿಗೆ, "ನನಗಿಂತ ಒಂದ್ ದಿನಾ ಮೊದಲ ಅಂವಾ ಹ್ವಾದ್ರ ಸಾಕ್ರೀ" ಎನ್ನುತ್ತಾಳೆ. ಮುದುಕಿ "ನಾನೂ ಅದನ್ನ ಬೇಡ್ಕೋತೇನವಾ" ಎನ್ನುತ್ತಾಳೆ.

ಆ ಎರಡು ಸಾಲುಗಳ ಮೇಲೆ ಕೆಂಪು ಗೆರೆ ಎಳೆದು, "ಜನ ಗಿರಿಜೆಯನ್ನು ದ್ವೇಷಿಸುತ್ತಾರಂತೆ" ಎಂದು ಅಂಚಿನಲ್ಲಿ ಬರೆದುಕೊಂಡಿದ್ದೀಯ. ಯಾರು ದ್ವೇಷಿಸುತ್ತಾರೆ? ಇಂಥ ಮನೆಗಳಲ್ಲಿ ದೇವರ ಮುಂದೆ ದೀಪ ಹಚ್ಚಿ ಈ ಮಾತನ್ನೇ ಬೇಡಿಕೊಳ್ಳುವವರು, ತಮ್ಮ ಹಾಗೆ ಇನ್ನೊಬ್ಬರೂ ಬೇಡಿಕೊಳ್ಳುತ್ತಾರೆಂದು ಗೊತ್ತಿಲ್ಲದೆ ತಾವೇ ಪಾಪಿಗಳೆಂದು ಕೊರಗುತ್ತಿದ್ದಾರೆ. ಅಣ್ಣನನ್ನು ಪ್ರೀತಿಸದವಳ ಬಾಯಿಂದ ಆ ಮಾತು ಬರುವುದಿಲ್ಲ. ತಾನು ಹೋದ ಮೇಲೆ ಅವನ ಎರಡನೆಯ ಕೆನ್ನೆಗಾಗಿ ಯಾರು ಕಾಯುತ್ತಾರೆ ಎಂದು ಯೋಚಿಸಿದವಳಿಗೆ ಮಾತ್ರ ಬರುತ್ತದೆ. ಇಡೀ ಚಿತ್ರಕಥೆಯಲ್ಲಿ ಉಳಿದದ್ದೆಲ್ಲ ಹೋದರೂ ಈ ಬೆಂಚು ಉಳಿಯಬೇಕು.

ಗಿರಿಜೆಯ ಮದುವೆಯ ಎಳೆಯನ್ನು ಇಡಬೇಕೋ ಬಿಡಬೇಕೋ ಎಂದು ಕೇಳಿದ್ದೀಯ. ಅದನ್ನು ಈಗಲೇ ತೀರ್ಮಾನಿಸಬೇಡ. ಕೋರ್ಟನ್ನು ಕಿತ್ತುಹಾಕಿ ಬೆಂಚಿನ ದೃಶ್ಯವನ್ನು ಮೊದಲಿದ್ದಂತೆ ಬರೆದು ನನಗೆ ಕಳಿಸು, ಉಳಿದದ್ದನ್ನು ಆಮೇಲೆ ಮಾತಾಡೋಣ.

ಇತಿ,
ನಿನ್ನ ಹಿತೈಷಿ