ಶೆಡ್ಡುಗಳ ಮಕ್ಕಳಿಗೆ ಸಂಜೆಯ ಹೊತ್ತಿಗೊಂದು ಕೋಣೆ: ದೇಣಿಗೆ ಮನವಿ

ಮಾನ್ಯರೇ,

ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ದುಡಿಯಲು ಬೆಂಗಳೂರಿಗೆ ಬಂದ ಅನೇಕ ಕುಟುಂಬಗಳು ನಗರದ ಪೂರ್ವದ ಅಂಚಿನ ಖಾಲಿ ಜಾಗಗಳಲ್ಲಿ ನೀಲಿ ತಾಡಪಾಲು ಹೊದಿಸಿದ ಶೆಡ್ಡುಗಳನ್ನು ಕಟ್ಟಿಕೊಂಡು ವಾಸಿಸುತ್ತಿರುವುದನ್ನು ತಾವು ನೋಡಿರಬಹುದು. ಅಂಥದೊಂದು ವಸತಿಯ ಪಕ್ಕದಲ್ಲಿ ನಮ್ಮ ಟ್ರಸ್ಟ್ ಮಕ್ಕಳಿಗಾಗಿ ಸಂಜೆಯ ಪಾಠಕೋಣೆಯೊಂದನ್ನು ನಡೆಸುತ್ತಿದ್ದು, ಮುಂದಿನ ವರ್ಷದ ಖರ್ಚಿಗೆ ತಮ್ಮ ನೆರವನ್ನು ಕೋರುತ್ತಿದ್ದೇವೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳು ಮೊದಲ ಕೆಲವು ವಾರ ಬಾಗಿಲಾಚೆ ನಿಂತೇ ಪಾಠ ಕೇಳುತ್ತಿದ್ದಳು. ಕಂಕುಳಲ್ಲಿ ತಮ್ಮ; ಅವನು ಅತ್ತರೆ ಒಳಗಿದ್ದವರಿಗೆ ತೊಂದರೆಯಾದೀತೆಂಬ ಅಂಜಿಕೆ. ತಾಯಿ ತಂದೆ ಗಾರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಏಳು ಗಂಟೆಯಾಗುತ್ತದೆ. ಅಲ್ಲಿಯವರೆಗೆ ಟ್ಯಾಂಕರ್ ಬಂದಾಗ ಕೊಡಗಳನ್ನು ಸಾಲಿಗಿಡುವುದು, ಕೂಸಿಗೆ ಉಣಿಸುವುದು, ಕುಡಿದು ಬಂದವರು ಜಗಳಕ್ಕೆ ನಿಂತರೆ ತಮ್ಮನನ್ನೆತ್ತಿಕೊಂಡು ದೂರ ಹೋಗಿ ಕೂರುವುದು, ಎಲ್ಲವೂ ಅವಳ ಪಾಲಿಗೇ. ಈಗ ಕೋಣೆಯ ಮೂಲೆಯಲ್ಲಿ ಹಳೆಯ ಸೀರೆಯ ಜೋಲಿ ಕಟ್ಟಿಸಿದ್ದೇವೆ. ತಮ್ಮ ಅದರಲ್ಲಿ ಮಲಗುತ್ತಾನೆ. ಅವಳು ಒಳಗೆ ಕೂತು ಬರೆಯುತ್ತಾಳೆ.

ಬಾಲ್ಯದ ಕಷ್ಟಗಳು ದೊಡ್ಡವರಾದ ಮೇಲೂ ಆರೋಗ್ಯವನ್ನು ಕಾಡುತ್ತವೆಂಬುದನ್ನು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹೊಡೆತ, ಮನೆಯವರ ಕುಡಿತ, ತಾಯಿಯ ಮೇಲಿನ ಹಲ್ಲೆ, ಹೀಗೆ ಅದು ಎಣಿಸಿದ್ದು ಬಹುತೇಕ ಮನೆಯೊಳಗಿನ ಕಷ್ಟಗಳನ್ನು. ಮುಂದೆ ಫಿಲಡೆಲ್ಫಿಯಾದಲ್ಲಿ ನಡೆದ ಸಮೀಕ್ಷೆ ಕಣ್ಣಾರೆ ಕಂಡ ಹಿಂಸೆಯನ್ನೂ ನೆರೆಹೊರೆಯ ಅಭದ್ರತೆಯನ್ನೂ ಸೇರಿಸಿಕೊಂಡಿತು. ನಮ್ಮ ಅನುಭವವೂ ಇದೇ. ಅಪ್ಪ ಅಮ್ಮ ಎಷ್ಟೇ ಅಕ್ಕರೆಯವರಾಗಿರಲಿ, ಬೀಗ ನಿಲ್ಲದ ಶೆಡ್ಡು, ದೀಪವಿಲ್ಲದ ದಾರಿ, ಕತ್ತಲಲ್ಲಿ ಬಯಲಿಗೆ ಹೋಗಬೇಕಾದ ಪಾಡು, ಯಾವ ದಿನ ಜಾಗ ಖಾಲಿ ಮಾಡಿ ಎನ್ನುತ್ತಾರೋ ಎಂಬ ದಿಗಿಲು ಮಗುವಿನ ಮನಸ್ಸನ್ನು ಸದಾ ಕಾವಲಿಗೆ ನಿಲ್ಲಿಸಿರುತ್ತವೆ. ಅಂಥ ಮಗುವಿಗೆ ಮಗ್ಗಿ ತಲೆಗೆ ಹತ್ತದಿದ್ದರೆ ದಡ್ಡನೆನ್ನುವುದು ದೊಡ್ಡ ಅನ್ಯಾಯ.

1990ರ ದಶಕದಲ್ಲಿ ಅಮೆರಿಕದ ಐದು ನಗರಗಳಲ್ಲಿ ಬಡ ಕುಟುಂಬಗಳಿಗೆ ಬಾಡಿಗೆಯ ನೆರವು ಕೊಟ್ಟು, ಬಡತನ ಕಡಿಮೆಯಿರುವ ಬಡಾವಣೆಗಳಿಗೆ ಹೋಗಲು ಅನುಕೂಲ ಮಾಡಿಕೊಡಲಾಯಿತು. 13 ವರ್ಷ ತುಂಬುವ ಮೊದಲೇ ಹಾಗೆ ಹೋದ ಮಕ್ಕಳು ಬೆಳೆದ ಮೇಲೆ ಗಮನಾರ್ಹವಾಗಿ ಹೆಚ್ಚು ಗಳಿಸಿದರು. ಅದಕ್ಕಿಂತ ದೊಡ್ಡವರಾಗಿದ್ದ ಮಕ್ಕಳಲ್ಲಿ ಈ ಲಾಭ ಕಾಣಲಿಲ್ಲ. ಕುಟುಂಬಗಳಿಗೆ ಬೇರೆ ಮನೆ ಕೊಡಿಸುವ ಶಕ್ತಿ ನಮಗಿಲ್ಲ. ಇದ್ದಲ್ಲೇ, ದಿನಕ್ಕೆ ಮೂರು ಗಂಟೆ, ಬೆಳಕೂ ಬಾಗಿಲೂ ಇರುವ ಜಾಗವನ್ನು ಚಿಕ್ಕ ವಯಸ್ಸಿನಲ್ಲೇ ಒದಗಿಸಬಲ್ಲೆವು. ಟಿ.ಸಿ. ಇಲ್ಲವೆಂಬ ಕಾರಣಕ್ಕೆ ಮಗುವಿನ ದಾಖಲಾತಿಯನ್ನು ತಡೆಯುವಂತಿಲ್ಲವೆಂದು 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಯಾದರೂ ಊರಿನಿಂದ ಕಾಗದ ತಾರದ ತಂದೆತಾಯಿಯರು ಶಾಲೆಯ ಬಾಗಿಲಿಗೆ ಹೋಗಲೇ ಹಿಂಜರಿಯುತ್ತಾರೆ; ಅವರ ಜೊತೆಗೆ ನಾವು ಹೋಗುತ್ತೇವೆ.

ತಮ್ಮ ದೇಣಿಗೆಯು ಕೋಣೆಯ ಬಾಡಿಗೆಗೆ, ಕಲಿಸುವ ಇಬ್ಬರು ಅಕ್ಕಂದಿರ ಗೌರವಧನಕ್ಕೆ, ಸಂಜೆಯ ಹಾಲು ಮತ್ತು ಬೇಯಿಸಿದ ಕಡಲೆಗೆ, ಓಣಿಯ ಸೋಲಾರ್ ದೀಪಗಳಿಗೆ ಸಲ್ಲುತ್ತದೆ. ಒಂದು ಮಗುವಿಗೆ ತಿಂಗಳಿಗೆ 900 ರೂಪಾಯಿ ಬೇಕಾಗುತ್ತದೆ. ಇಷ್ಟೇ ಕೊಡಬೇಕೆಂಬ ನಿಯಮವೇನೂ ಇಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕ ಸಲ್ಲಿಸಿದರೆ ರಸೀದಿಯನ್ನೂ ವರ್ಷಾಂತ್ಯದಲ್ಲಿ ಲೆಕ್ಕಪತ್ರವನ್ನೂ ಕಳುಹಿಸುತ್ತೇವೆ. ಮಕ್ಕಳ ಫೋಟೋಗಳನ್ನು ಮಾತ್ರ ಕಳುಹಿಸುವುದಿಲ್ಲ. ಯಾವ ಸಂಜೆಯಾದರೂ ಆರು ಗಂಟೆಗೆ ಬನ್ನಿ, ಅವರ ಜೊತೆ ಚಾಪೆಯ ಮೇಲೆ ಕೂತು ಒಂದು ಪಾಠ ಓದಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ವಿಶ್ವಸ್ತರು