ಹಾಡಿನ ಜೊತೆ ಅದರ ಕತೆಯನ್ನೂ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರ.

'ವಿ ಶಲ್ ಓವರ್‌ಕಮ್' ಹಾಡನ್ನು ಶಾಲೆಗಳಲ್ಲಿ ಮಕ್ಕಳು ಕೈ ಕೈ ಹಿಡಿದು ಹಾಡುತ್ತಾರೆ. ನೀವೂ ಹಾಡಿರಬಹುದು. ಅದು ಯಾರ ಹಾಡು, ಯಾಕೆ ಹಾಡಿದರು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನ ತಕರಾರು ಇಷ್ಟೇ: ರಾಗ ಕಲಿಸುತ್ತೇವೆ, ಜಗಳ ಮುಚ್ಚಿಡುತ್ತೇವೆ.

ಚರ್ಚಿನಲ್ಲಿ ಅದು 'ನಾನು ಗೆಲ್ಲುವೆ' ಎನ್ನುವ ಭಕ್ತಿಗೀತೆಯಾಗಿತ್ತು. 1945ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಸಿಗಾರ್ ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಬಹುಪಾಲು ಕಪ್ಪು ಜನಾಂಗದ ಹೆಂಗಸರು. ತಿಂಗಳುಗಟ್ಟಲೆ ಗೇಟಿನ ಮುಂದೆ ನಿಂತವರ ಬಾಯಲ್ಲಿ 'ನಾನು' ಹೋಗಿ 'ನಾವು' ಬಂತು. ವ್ಯಾಕರಣದ ಪಾಠದಲ್ಲಿ ಏಕವಚನ, ಬಹುವಚನ ಅಂತ ಸುಮ್ನೆ ಉರು ಹೊಡೆಸುತ್ತೇವಲ್ಲ, ಇದನ್ನು ಹೇಳಿದರೆ ಮಕ್ಕಳು ಮರೆಯುತ್ತಾರಾ?

ಅಲ್ಲಿಂದ ಹಾಡು ಟೆನೆಸ್ಸಿ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಯಿತು. ಹೋರಾಟಗಾರರನ್ನು ತಯಾರು ಮಾಡುತ್ತಿದ್ದ ಶಾಲೆ ಅದು. 1959ರ ಒಂದು ರಾತ್ರಿ ಪೊಲೀಸರು ನುಗ್ಗಿ ದೀಪ ಆರಿಸಿದರು. ಕತ್ತಲಲ್ಲಿ ಕೂತಿದ್ದ ಹುಡುಗ ಹುಡುಗಿಯರು ಹಾಡತೊಡಗಿದರು. 'ನಮಗೆ ಭಯವಿಲ್ಲ' ಎಂಬ ಸಾಲು ಹುಟ್ಟಿದ್ದು ಆಗಲೇ. ಮಕ್ಕಳೇ ಕಟ್ಟಿದ ಸಾಲು, ಸ್ವಾಮಿ!

1965ರ ಮಾರ್ಚ್‌ನಲ್ಲಿ ಅಮೆರಿಕದ ಸೆಲ್ಮಾ ಪಟ್ಟಣದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದುಹೊರಟವರನ್ನು ಪೊಲೀಸರು ಬಡಿದರು. ಎಂಟು ದಿನ ಕಳೆದ ಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನಲ್ಲಿ ನಿಂತು 'ವಿ ಶಲ್ ಓವರ್‌ಕಮ್' ಎಂಬ ಸಾಲನ್ನೇ ಹೇಳಿದರು. ಆಗಸ್ಟ್ ಹೊತ್ತಿಗೆ ಮತದಾನದ ಹಕ್ಕಿನ ಕಾನೂನು ಬಂತು. ಹಾಡಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಏಟು ತಿಂದವರು, ಜೈಲು ಕಂಡವರು ತಂದದ್ದು ಅದು. ಆದರೆ ಭಾಷಣ ಕೇಳಿದವರು ಮನೆಗೆ ಹೋಗುತ್ತಾರೆ, ಒಟ್ಟಿಗೆ ಹಾಡಿದವರು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಓದು ಬರಹ ಬಾರದವರಿಗೂ ಅದರಲ್ಲಿ ಪಾಲಿದೆ. ಆಳುವವರಿಗೆ ಇದು ಚೆನ್ನಾಗಿ ಗೊತ್ತು. 1973ರಲ್ಲಿ ಚಿಲಿಯ ಸೈನಿಕರು ಜನರ ಹೋರಾಟದ ಹಾಡು ಹಾಡುತ್ತಿದ್ದ ಗಾಯಕ ವಿಕ್ಟರ್ ಹಾರಾ ಅವರನ್ನು ಕೊಂದದ್ದು ಸುಮ್ನೆ ಅಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಪಠ್ಯಪುಸ್ತಕ ಬೇಡ, ಹೊಸ ಸಮಿತಿಯಂತೂ ಬೇಡವೇ ಬೇಡ. ಇಂಥ ಹಾಡು ಅಚ್ಚಾಗುವ ಕಡೆ, ಅದರ ಕೆಳಗೆ ಅರ್ಧ ಪುಟ ಬಿಡಿ. ಯಾರು ಹಾಡಿದರು, ಯಾರ ವಿರುದ್ಧ ಹಾಡಿದರು, ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಬರೆಸಿ. ಮಕ್ಕಳು ಪ್ರಶ್ನೆ ಕೇಳಿಯಾರು ಅಂತ ನಿಮ್ಮ ಅಧಿಕಾರಿಗಳು ಹೆದರಿಸಬಹುದು. ಕೇಳಲಿ ಬಿಡಿ.

ಮುಂದಿನ ಮುದ್ರಣಕ್ಕೆ ಮುಂಚೆ ನಿಮ್ಮ ಉತ್ತರ ಬಂದರೆ ಸಂತೋಷ.

ಇಂತಿ,
ಹಾಡು ಕಲಿಸುವ ಒಬ್ಬ ಶಿಕ್ಷಕ